ಲಿಂಕ್ ಅಂಟಿಸಿದರಷ್ಟೇ ಸಾಲದು: ಪ್ರಬಂಧದಲ್ಲಿ ಅಂತರ್ಜಾಲದ ಆಕರ ತೋರಿಸುವ ಬಗೆ

ಪ್ರಬಂಧದ ಕೊನೆಗೆ ಮೂರು ಮೂರು ಸಾಲು ಉದ್ದದ ನೀಲಿ ವಿಳಾಸಗಳನ್ನು ರಾಶಿ ಹಾಕಿ ‘ಆಕರಗಳು’ ಎಂದು ತಲೆಬರಹ ಕೊಡುವುದು ಈಗ ಮಾಮೂಲು. ಮಾರ್ಗದರ್ಶಕರು ಅದನ್ನು ವಾಪಸ್ ಕಳಿಸುವುದೂ ಅಷ್ಟೇ ಮಾಮೂಲು. ವಿಳಾಸವೆಂದರೆ ಪುಟ ಇರುವ ಜಾಗ, ಅಷ್ಟೆ. ಯಾರು ಬರೆದರು, ಯಾವಾಗ ಬರೆದರು ಎಂಬುದು ಅದರಲ್ಲಿಲ್ಲ. ಆ ಜಾಗವೂ ಕಾಯಂ ಅಲ್ಲ: ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿರಲಿಲ್ಲ. ಆದ್ದರಿಂದ ಆಕರದ ಕೆಲಸ ಓದಿದ ದಿನವೇ ಆಗಬೇಕು. ಸಲ್ಲಿಕೆಯ ಹಿಂದಿನ ರಾತ್ರಿಗೆ ಉಳಿಸಿಕೊಂಡರೆ ಅರ್ಧ ವಿವರ ಸಿಗುವುದಿಲ್ಲ.

ಪುಟ ಮುಚ್ಚುವ ಮೊದಲು

ಲೇಖಕರ ಹೆಸರು, ಪ್ರಕಟಣೆಯ ದಿನಾಂಕ, ಪುಟದ ಶೀರ್ಷಿಕೆ, ಜಾಲತಾಣದ ಹೆಸರು, ವಿಳಾಸ, ನೀವು ನೋಡಿದ ದಿನ: ಈ ಆರನ್ನು ಪುಟ ತೆರೆದಿರುವಾಗಲೇ ಬರೆದುಕೊಳ್ಳಿ.

ಲೇಖಕರ ಹೆಸರು ಶೀರ್ಷಿಕೆಯ ಕೆಳಗೆ ಇಲ್ಲದಿದ್ದರೆ ಪುಟದ ತಳದಲ್ಲಿ ಹುಡುಕಿ. ಅಲ್ಲೂ ಇಲ್ಲದಿದ್ದರೆ, ಪುಟವನ್ನು ಹೊರತಂದ ಸಂಸ್ಥೆಯನ್ನೇ ಲೇಖಕನ ಜಾಗದಲ್ಲಿ ಹಾಕಬಹುದು. ಸಂಸ್ಥೆಯೂ ತಿಳಿಯದಿದ್ದರೆ ನಮೂದು ಶೀರ್ಷಿಕೆಯಿಂದಲೇ ಶುರುವಾಗುತ್ತದೆ. ಆದರೆ ಯಾರು ಬರೆದದ್ದೆಂದೇ ಗೊತ್ತಿಲ್ಲದ ಪುಟವನ್ನು ನಂಬಿ ವಾದ ಕಟ್ಟಬೇಕೇ ಎಂದು ಕೇಳಿಕೊಳ್ಳಲು ಅದೇ ಸರಿಯಾದ ಹೊತ್ತು.

ಹೆಚ್ಚು ಜನ ಎಡವುವುದು ದಿನಾಂಕದಲ್ಲಿ. ಪುಟದ ಅಡಿಯಲ್ಲಿ ಹಕ್ಕುಸ್ವಾಮ್ಯದ ಚಿಹ್ನೆಯ ಪಕ್ಕ ಕಾಣುವ ವರ್ಷ ಇಡೀ ತಾಣಕ್ಕೆ ಸೇರಿದ್ದು; ಬಹಳ ಕಡೆ ಅದು ಪ್ರತಿ ಜನವರಿಯಲ್ಲಿ ತಾನಾಗಿಯೇ ಬದಲಾಗುತ್ತದೆ. ಅದನ್ನು ಲೇಖನದ ವರ್ಷವೆಂದು ಬರೆಯಬೇಡಿ. ‘ಕೊನೆಯದಾಗಿ ಪರಿಷ್ಕರಿಸಿದ್ದು’ ಎಂಬ ದಿನಾಂಕ ಆ ಬರಹಕ್ಕೇ ಸೇರಿದ್ದಾದರೆ ಎಪಿಎ ಶೈಲಿ (ಅಮೆರಿಕದ ಮನೋವಿಜ್ಞಾನ ಸಂಘ ರೂಪಿಸಿದ, ಆಕರ ಬರೆಯುವ ಕ್ರಮ) ಒಪ್ಪುತ್ತದೆ. ‘ಕೊನೆಯದಾಗಿ ಪರಿಶೀಲಿಸಿದ್ದು’ ಎಂಬುದನ್ನು ಒಪ್ಪುವುದಿಲ್ಲ, ಏಕೆಂದರೆ ಪರಿಶೀಲಿಸಿದಾಗ ಒಂದಕ್ಷರವೂ ಬದಲಾಗದೆ ಇರಬಹುದು. ಯಾವ ದಿನಾಂಕವೂ ಇಲ್ಲದಿದ್ದರೆ ‘ದಿನಾಂಕವಿಲ್ಲ’ ಎಂದು ನಮೂದಿಸಿ. ಅಂದಾಜು ವರ್ಷ ಹಾಕುವುದಕ್ಕಿಂತ ಅದು ಎಷ್ಟೋ ವಾಸಿ.

ವಿಳಾಸವನ್ನು ಸೋಸಿಕೊಳ್ಳಿ

ಸಂಶೋಧನಾ ಲೇಖನಕ್ಕೆ ಡಿಒಐ, ಅಂದರೆ ಆ ಕೃತಿಗೆಂದೇ ಕೊಟ್ಟ ಕಾಯಂ ಗುರುತುಸಂಖ್ಯೆ, ಇದ್ದರೆ ಬೇರೆ ವಿಳಾಸ ಬೇಡವೇ ಬೇಡ. ಡಿಒಐ ಯಾವಾಗಲೂ 10 ಮತ್ತು ಒಂದು ಚುಕ್ಕೆಯಿಂದ ಶುರುವಾಗುತ್ತದೆ. ಉದಾಹರಣೆಗೆ 10.1000/182 ಎಂಬುದು ಡಿಒಐ ವ್ಯವಸ್ಥೆಯ ಕೈಪಿಡಿಗೇ ಕೊಟ್ಟಿರುವ ಸಂಖ್ಯೆ. ಓರೆಗೆರೆಯ ಎಡಕ್ಕಿರುವುದು ನೋಂದಾಯಿಸಿದವರ ಗುರುತು, ಬಲಕ್ಕಿರುವುದು ಆ ಕೃತಿಯ ಗುರುತು. ಪ್ರಕಾಶಕರು ತಾಣ ಬದಲಿಸಿದಾಗ ಹೊಸ ವಿಳಾಸವನ್ನು ನೋಂದಾಯಿಸುತ್ತಾರೆ. ಹಾಗಾಗಿ ಸಂಖ್ಯೆ ಅದೇ ಇದ್ದರೂ ಓದುಗ ಸರಿಯಾದ ಜಾಗ ತಲುಪುತ್ತಾನೆ. ಪಿಡಿಎಫ್‌ನಿಂದ ನಕಲು ಮಾಡುವಾಗ ಸಾಲು ಮುರಿದಲ್ಲಿ ಒಂದು ಅಡ್ಡಗೆರೆಯೋ ಖಾಲಿ ಜಾಗವೋ ನುಸುಳುವುದುಂಟು. ವಾಕ್ಯದ ಕೊನೆಯ ಚುಕ್ಕೆ ಅಂಟಿಕೊಂಡರೂ ಲಿಂಕ್ ಕೆಡಬಹುದು. ಡಿಒಐ ಅಥವಾ ವಿಳಾಸದ ಕೊನೆಗೆ ಪೂರ್ಣವಿರಾಮ ಬೇಡ ಎಂದು ಎಪಿಎ ಹೇಳುವುದು ಇದಕ್ಕೇ.

ಡಿಒಐ ಇಲ್ಲದ ಪುಟದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದಿರುವ ಬಾಲ ಹಲವು ಸಲ ಜಾಹೀರಾತಿನ ಜಾಡು ಹಿಡಿಯಲು ಇಟ್ಟದ್ದು. ಅದನ್ನು ಅಳಿಸಿ, ಪುಟ ಮತ್ತೆ ತೆರೆದು ನೋಡಿ. ಅದೇ ಪುಟ ಬಂದರೆ ಬಾಲ ಬೇಕಾಗಿರಲಿಲ್ಲ. ಬರದಿದ್ದರೆ ಹಾಗೇ ಉಳಿಸಿಕೊಳ್ಳಿ. ಗ್ರಂಥಾಲಯದ ಲಾಗಿನ್ ಮೂಲಕ ಹೋದಾಗ ಸಿಗುವ ವಿಳಾಸವಂತೂ ಪರೀಕ್ಷಕರಿಗೆ ತೆರೆದುಕೊಳ್ಳುವುದೇ ಇಲ್ಲ.

ಬದಲಾಗುವ ಪುಟಕ್ಕೆ ಪ್ರತಿ ತೆಗೆದಿಡಿ

ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ‘ಸೇವ್ ಪೇಜ್ ನೌ’ ಎಂಬ ಪೆಟ್ಟಿಗೆಯಿದೆ. ವಿಳಾಸ ಹಾಕಿದರೆ ಆ ಕ್ಷಣದ ಪ್ರತಿ ಉಳಿದು, ಹೊಸ ಲಿಂಕ್ ಸಿಗುತ್ತದೆ. ಅದರೊಳಗಿನ 14 ಅಂಕಿಗಳೇ ಸಮಯದ ಮೊಹರು. 20240315103000 ಎಂದಿದ್ದರೆ 2024ರ ಮಾರ್ಚ್ 15, ವಿಶ್ವ ಪ್ರಮಾಣ ಸಮಯ 10 ಗಂಟೆ 30 ನಿಮಿಷ 0 ಸೆಕೆಂಡ್ ಎಂದರ್ಥ. ಪ್ರತಿ ತೆಗೆದು ಸುಮ್ಮನಾಗಬೇಡಿ, ತೆರೆದು ನೋಡಿ. ಲಾಗಿನ್ ಬೇಡುವ ಪುಟಗಳು ಉಳಿಯುವುದಿಲ್ಲ. ತಡವಾಗಿ ಲೋಡ್ ಆಗುವ ನಕ್ಷೆ, ಕೋಷ್ಟಕಗಳ ಜಾಗ ಖಾಲಿ ಕಾಣಬಹುದು. ಅಂಥ ಕಡೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಿಕಿಪೀಡಿಯದ ಲೇಖನವನ್ನೇ ಉಲ್ಲೇಖಿಸಬೇಕಾಗಿ ಬಂದರೆ ಅದರ ಪರಿಕರಗಳ ಪಟ್ಟಿಯಲ್ಲಿ ಸ್ಥಿರ ಕೊಂಡಿ ಸಿಗುತ್ತದೆ. ನೀವು ಓದಿದ ಆವೃತ್ತಿಗೇ ಅದು ಕರೆದೊಯ್ಯುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ ಮುನ್ನವೇ ಲೇಖನ ಹಾಕುವ, 1991ರಲ್ಲಿ ಶುರುವಾದ arXiv (ಇದನ್ನೂ ಆರ್ಕೈವ್ ಎಂದೇ ಉಚ್ಚರಿಸುತ್ತಾರೆ) ಎಂಬ ಪ್ರಿಪ್ರಿಂಟ್ ತಾಣದ ಲೇಖನವಾದರೆ ಆವೃತ್ತಿಯ ಸಂಖ್ಯೆಯನ್ನೂ ಬರೆಯಿರಿ. ಎರಡನೆಯ ಆವೃತ್ತಿಯಲ್ಲಿ ಫಲಿತಾಂಶವೇ ಬೇರೆ ಇರಬಹುದು.

ನಮೂದು ಬರೆಯುವುದು

ಎಪಿಎ 7ನೇ ಆವೃತ್ತಿಯಲ್ಲಿ ಜಾಲಪುಟದ ಕ್ರಮ ಇದು: ಲೇಖಕರು. (ವರ್ಷ, ತಿಂಗಳು ದಿನ). ಪುಟದ ಶೀರ್ಷಿಕೆ, ಓರೆ ಅಕ್ಷರದಲ್ಲಿ. ಜಾಲತಾಣದ ಹೆಸರು. ವಿಳಾಸ (ಇದರ ಕೊನೆಗೆ ಚುಕ್ಕೆ ಇಲ್ಲ). ಲೇಖಕರೂ ತಾಣವೂ ಒಂದೇ ಆದರೆ, ವಿಶ್ವ ಆರೋಗ್ಯ ಸಂಸ್ಥೆಯ ಪುಟದಲ್ಲಿ ಆಗುವಂತೆ, ತಾಣದ ಹೆಸರನ್ನು ಬಿಡಬೇಕು. ನೋಡಿದ ದಿನಾಂಕವನ್ನು ಎಪಿಎ ಕೇಳುವುದು ಬದಲಾಗುತ್ತಲೇ ಇರುವಂಥ, ಪ್ರತಿ ಉಳಿಯದ ಪುಟಗಳಿಗೆ ಮಾತ್ರ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನ ಶೈಲಿಯಾದ ಎಂಎಲ್‌ಎಯ 9ನೇ ಆವೃತ್ತಿಯಲ್ಲಿ ಅದು ಐಚ್ಛಿಕ. ಯಾವ ಶೈಲಿ ಬೇಕೆಂಬುದನ್ನು ವಿಭಾಗದ ಸೂಚನೆಯಲ್ಲೇ ನೋಡಿ. ಎರಡನ್ನು ಕಲಸಿದರೆ ಅದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಪುಟಸಂಖ್ಯೆ ಇಲ್ಲದ ಕಡೆ ಮಾತನ್ನು ಯಥಾವತ್ತು ಎತ್ತಿ ಬರೆದರೆ, ಎಪಿಎಯಲ್ಲಿ ಉಪಶೀರ್ಷಿಕೆಯನ್ನೋ, ಎಣಿಸಿ ಪ್ಯಾರಾ ಸಂಖ್ಯೆಯನ್ನೋ ಕೊಡಬಹುದು. ಎಂಎಲ್‌ಎಯಲ್ಲಿ ತಾಣವೇ ಪ್ಯಾರಾಗಳಿಗೆ ಸಂಖ್ಯೆ ಹಾಕದಿದ್ದರೆ ಎಣಿಸುವಂತಿಲ್ಲ. ವಿಡಿಯೊಗೆ ನಿಮಿಷ, ಸೆಕೆಂಡ್ ಬರೆಯಿರಿ.

ಜೊಟೆರೊದಂಥ ಉಚಿತ ತಂತ್ರಾಂಶ ಒಂದೇ ಕ್ಲಿಕ್‌ಗೆ ವಿವರ ತುಂಬಿಕೊಳ್ಳುತ್ತದೆ, ಆದರೆ ಪುಟದಲ್ಲಿ ಅಡಕವಾದ ವಿವರವೇ ತಪ್ಪಿದ್ದರೆ ಅದು ತುಂಬಿಕೊಂಡದ್ದೂ ತಪ್ಪಾಗಬಹುದು. ಸಂಸ್ಥೆಯ ಹೆಸರನ್ನು ವ್ಯಕ್ತಿಯ ಹೆಸರಿನಂತೆ ಎರಡು ಖಾನೆಯಲ್ಲಿ ಬಿಟ್ಟರೆ ವರ್ಲ್ಡ್ ಹೆಲ್ತ್ ಆರ್ಗನೈಸೇಷನ್ ಹೋಗಿ ‘ಆರ್ಗನೈಸೇಷನ್, ಡಬ್ಲ್ಯು. ಎಚ್.’ ಎಂಬ ಮಹಾಶಯರು ಪಟ್ಟಿಯಲ್ಲಿ ಪ್ರತ್ಯಕ್ಷರಾಗುತ್ತಾರೆ! ಹೆಸರಿನ ಪಕ್ಕದ ಗುಂಡಿ ಒತ್ತಿ ಒಂದೇ ಖಾನೆಗೆ ಬದಲಿಸಿಕೊಳ್ಳಿ.

ಚಾಟ್‌ಬಾಟ್ ಕೊಟ್ಟ ಆಕರವನ್ನು ಮೂಲ ತೆರೆಯದೆ ಸೇರಿಸಲೇಬೇಡಿ. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಯಾರೂ ಬರೆದದ್ದಲ್ಲ ಎಂಬಂಥ ನಮೂದುಗಳನ್ನು ಅವು ಸಲೀಸಾಗಿ ಹೆಣೆಯುತ್ತವೆ. ಡಿಒಐ ತೆರೆದುಕೊಂಡರೂ ಅಲ್ಲಿ ಕಾಣುವ ಶೀರ್ಷಿಕೆ ನಿಮ್ಮ ಪಟ್ಟಿಯದ್ದೇನಾ ಎಂದು ಹೋಲಿಸಿ. ಹಿಂತೆಗೆದುಕೊಂಡ ಲೇಖನವೆಂಬ ಸೂಚನೆ ಅಲ್ಲೇನಾದರೂ ಇದೆಯೇ ಎಂದೂ ಕಣ್ಣಾಡಿಸಿ.

ಸಲ್ಲಿಸುವ ಮುನ್ನ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ಯಾವ ಲಾಗಿನ್ನೂ ಇಲ್ಲದೆ, ಪಟ್ಟಿಯ ಒಂದೊಂದು ಲಿಂಕನ್ನೂ ಒತ್ತಿ. ನಿಮಗೆ ಅಲ್ಲಿ ಕಂಡದ್ದೇ ಪರೀಕ್ಷಕರಿಗೂ ಕಾಣುವುದು.