ಕೊಕ್ಕರೆ–ಕಪ್ಪೆ ಗೆಳೆತನದ ತಲೆಕೆಳಗು ಪದ್ಯ ಓದಿಸುವುದು ಹೇಗೆ?

ಕೋಲಾರದ ಕಡೆ ಮಕ್ಕಳಿಗೆ ಈ ಎರಡು ಸಾಲು ಕೊಟ್ಟು ನೋಡಿ:

ಕೊಕ್ಕರೆ ಕಪ್ಪೆಗೆ ಕೊಡೆಯನು ಹಿಡಿಯಿತು
ಬತ್ತಿದ ಕೆರೆಯಲಿ ದೋಣಿಯು ನಡೆಯಿತು

ಮೊದಲೇ ಅರ್ಥ ಕೇಳಬೇಡಿ. ಚಪ್ಪಾಳೆ ತಟ್ಟುತ್ತಾ ಗಟ್ಟಿಯಾಗಿ ಓದಿಸಿ. ಸಾಲಿಗೆ 4 ಗಣ (ಮಾತ್ರೆಗಳ ಗುಂಪು), ಗಣಕ್ಕೆ 4 ಮಾತ್ರೆ (ಒಂದು ಹ್ರಸ್ವ ಅಕ್ಷರ ನುಡಿಯುವಷ್ಟು ಕಾಲ). ‘ಕೊಕ್ಕರೆ’ಯಲ್ಲಿ ಒತ್ತಕ್ಷರದ ಹಿಂದಿನ ‘ಕೊ’ ಗುರು, ಅಂದರೆ 2 ಮಾತ್ರೆಯ ಅಕ್ಷರ, ಹಾಗಾಗಿ 2+1+1. ‘ಕೊಡೆಯನು’ ತೆಗೆದು ‘ಛತ್ರಿಯನು’ ಹಾಕಿದರೆ 5 ಮಾತ್ರೆಯಾಗಿ ಚಪ್ಪಾಳೆ ಎಡವುತ್ತದೆ. ಅದನ್ನೂ ಒಮ್ಮೆ ಮಾಡಿಸಿ, ಕಿವಿಗೇ ಗೊತ್ತಾಗುತ್ತದೆ.

ಆಮೇಲೆ ಯಾವುದು ನಿಜ, ಯಾವುದು ತಲೆಕೆಳಗು ಅಂತ ವಿಂಗಡಿಸಿ. ಕೊಕ್ಕರೆ ಕಪ್ಪೆ ತಿನ್ನುವ ಹಕ್ಕಿ. ಅದು ತಿಳಿಯದ ಮಗುವಿಗೆ ನಗು ಬಾರದು. ಬತ್ತಿದ ಕೆರೆಯನ್ನಂತೂ ಇಲ್ಲಿ ವಿವರಿಸಬೇಕಿಲ್ಲ ಬಿಡಿ!

ಪದ್ಯ ಕೆಡುವುದು ‘ಇದರ ನೀತಿ ಏನು?’ ಎಂದಾಗ. ಕೇಳಲೇಬೇಕಿದ್ದರೆ ‘ದೋಣಿಗೆ ಹುಟ್ಟು ಹಾಕಿದ್ದು ಯಾರು?’ ಎನ್ನಿ. ಮೂರನೇ ಸಾಲನ್ನು ಮಕ್ಕಳೇ ಕಟ್ಟುತ್ತಾರೆ.