ಪಂಪಿಲ್ಲದೆ, ಎರಡು ರಂಧ್ರಗಳಲ್ಲಿ: ಸ್ಟೆನೋಸಿಸ್ ಶಸ್ತ್ರಕ್ರಿಯೆಯ ನನ್ನ ಅನುಭವ

“ಸ್ಟೆನೋಸಿಸ್‌ಗೆ ಎಂಡೋಸ್ಕೋಪಿಯೇ? ಅದೂ ಕಾಸರಗೋಡಿನಲ್ಲಿ? ಮಂಗಳೂರು 50 ಕಿಲೋಮೀಟರ್, ಚೀಟಿ ಬರೆದುಕೊಟ್ಟು ನೆಮ್ಮದಿಯಾಗಿರು” ಎಂದಿದ್ದ ಹಿರಿಯರೊಬ್ಬರು ಹೋದ ತಿಂಗಳು ತಮ್ಮ ಭಾವನನ್ನೇ ನನ್ನಲ್ಲಿಗೆ ಕಳುಹಿಸಿದರು. ಇನ್ನು ಬರೆಯಬಹುದು. ಸ್ಟೆನೋಸಿಸ್ ಎಂದರೆ ಸೊಂಟದಲ್ಲಿ ನರಗಳ ನಾಳ ಕಿರಿದಾಗಿ ನರಗಳು ಒತ್ತಿಹೋಗುವುದು; ಸ್ವಲ್ಪ ನಡೆದರೆ ಕಾಲು ಸೋತು ಕೂರಬೇಕಾಗುತ್ತದೆ.

ಒಂದೇ ರಂಧ್ರದಲ್ಲಿ ಮಾಡುವ ಎಂಡೋಸ್ಕೋಪಿಯ ಸೆಟ್ಟಿಗೆ ಹೇಳಿದ ಬೆಲೆಗೆ ಪೆರ್ಲದ ಕಡೆ ಸಣ್ಣದೊಂದು ತೋಟವೇ ಬರುತ್ತಿತ್ತು. ಹಾಗಾಗಿ ಬೈಪೋರ್ಟಲ್ ಹಿಡಿದೆ: ಒಂದು ರಂಧ್ರದಲ್ಲಿ ಸ್ಕೋಪ್, ಇನ್ನೊಂದರಲ್ಲಿ ಉಪಕರಣ, ನೋಟ ತಿಳಿಯಾಗಿರಲು ನೀರು ಹರಿಯುತ್ತಲೇ ಇರುತ್ತದೆ. ಮೊಣಕಾಲಿನ ಕೀಲಿನೊಳಗೆ ನೋಡುವ ಆರ್ತ್ರೋಸ್ಕೋಪಿ ಟವರ್, 30 ಡಿಗ್ರಿ ಸ್ಕೋಪ್, ಮೂಳೆ ಕಚ್ಚಿ ತೆಗೆಯುವ ಹಳೆಯ ಕೆರಿಸನ್‌ಗಳು ಇದ್ದವು. ಮೂಳೆ ಕೊರೆಯುವ ಬರ್, ರಕ್ತ ನಿಲ್ಲಿಸುವ ಆರ್‌ಎಫ್ ಪ್ರೋಬ್ ಎಂದು ಮೂರೂವರೆ ಲಕ್ಷದಷ್ಟು ಕೈಬಿಟ್ಟಿತು.

ಮೊದಲ ಕೇಸು ಎಲ್4-ಎಲ್5, ಅಂದರೆ ಸೊಂಟದ ನಾಲ್ಕು-ಐದನೆಯ ಕಶೇರುಗಳ ನಡುವೆ. ನಾಲ್ಕು ಗಂಟೆ ನೀರಿನಲ್ಲಿ ಒದ್ದಾಡಿದರೂ ನಾಳದ ಹಿಂಬದಿಯ ಮೂಳೆ, ಲ್ಯಾಮಿನಾದ ಅಂಚು ಸಿಗಲಿಲ್ಲ, ತೆರೆದೇ ಮುಗಿಸಿದೆ. ಮೂರನೆಯದರಲ್ಲಿ ನರಗಳ ಹೊದಿಕೆಯಾದ ಡ್ಯೂರಾದ ನಡುಮಡಿಕೆ ಕೆರಿಸನ್ ಬಾಯಿಗೆ ಸಿಕ್ಕಿ ಹರಿಯಿತು, ನಾಲ್ಕೈದು ಮಿಲಿಮೀಟರ್. ಪ್ಯಾಚ್ ಇಟ್ಟು ಮೂರು ದಿನ ಮಲಗಿಸಿದೆ. ಅಂದಿನಿಂದ ಮೂಳೆಯ ಕೆಲಸ ಪೂರ್ತಿ ಮುಗಿಯುವವರೆಗೆ, ಆಚೆಬದಿಯದೂ ಸೇರಿ, ಡ್ಯೂರಾಕ್ಕೆ ಕಾವಲಿನಂತಿರುವ ಫ್ಲೇವಮ್ ಪದರವನ್ನು ಮುಟ್ಟುವುದಿಲ್ಲ. ಆರನೆಯವರಿಗೆ ರಾತ್ರಿ ಪಾದ ಎತ್ತಲಾಗಲಿಲ್ಲ: ಹೆಮಟೋಮಾ, ಒಳಗೆ ರಕ್ತ ಕಟ್ಟಿ ನರವನ್ನು ಒತ್ತಿತ್ತು. ಎರಡು ಗಂಟೆಗೆ ಮತ್ತೆ ಥಿಯೇಟರ್. ಪಾದ ಮರಳಿತು, ಆ ಎರಡನೆಯ ಶಸ್ತ್ರಕ್ರಿಯೆಯ ಖರ್ಚು ನನ್ನ ಜೇಬಿನದು. ಈಗ ನೀರು ನಿಲ್ಲಿಸಿ ರಕ್ತದ ಒಸರನ್ನು ನೋಡದೆ, ಡ್ರೇನ್ ನಳಿಕೆ ಇಡದೆ ಹೊರಬರುವುದಿಲ್ಲ.

ಎಲ್ಲರೂ ನೀರು ತಳ್ಳುವ ಪಂಪಿನ ಬಗ್ಗೆ ಕೇಳುತ್ತಾರೆ. ನನ್ನಲ್ಲಿ ಪಂಪೇ ಇಲ್ಲ. ಮೂರು ಲೀಟರಿನ ಸಲೈನ್ ಚೀಲ, ಬೆನ್ನಿನಿಂದ ಎರಡಡಿ ಮೇಲೆ. ಒಮ್ಮೆ ಇನ್ನೊಂದಡಿ ಏರಿಸಿ ನೋಡಿದೆ. ನೋಟ ಕನ್ನಡಿಯಂತಾಯಿತು, ಆದರೆ ಸ್ಪೈನಲ್ ಅರಿವಳಿಕೆಯಲ್ಲಿ ಎಚ್ಚರವಾಗಿದ್ದ ರೋಗಿ “ಕುತ್ತಿಗೆ ನೋಯುತ್ತಿದೆ” ಎಂದರು. ಒಳಗೆ ನೀರಿನ ಒತ್ತಡ ಏರಿದ ಸೂಚನೆ ಅದು, ಚೀಲ ತಕ್ಷಣ ಇಳಿಯಿತು. ಹೋದ ನೀರು ಸರಾಗವಾಗಿ ಹೊರಬಂದರೆ ಎತ್ತರ ಬೇಕಾಗುವುದಿಲ್ಲ. ಅದಕ್ಕಾಗಿ ಸ್ನಾಯುವಿನ ಮೇಲಿನ ಪೊರೆಯಾದ ಫ್ಯಾಸಿಯಾವನ್ನು ನಾನು ಯಾವ ಓರೆಯಲ್ಲಿ ಸೀಳುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾರೆ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ. ಸುಮಾರು 60 ಕೇಸು ದಾಟಿವೆ; ಬೆನ್ನುಮೂಳೆಯ ಒಂದು ಮಟ್ಟಕ್ಕೆ ಈಗ 70-80 ನಿಮಿಷ. ಮೂಳೆ ಜಾರುತ್ತಿರುವವರನ್ನು ಮಾತ್ರ ಈಗಲೂ ಮಂಗಳೂರಿಗೇ ಕಳುಹಿಸುತ್ತೇನೆ.

ನಡುವೆ ಇನ್ನೊಂದು ಹುಚ್ಚು. “ಎಷ್ಟು ಮೀಟರ್ ನಡೆಯುತ್ತೀರಿ?” ಎಂದರೆ ಇಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ. ತೋಟದಲ್ಲಿ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ. “ಎಷ್ಟು ಅಡಿಕೆ ಮರ ದಾಟಿದ ಮೇಲೆ ಕೂರಬೇಕಾಗುತ್ತದೆ?” ಎಂದು ಕೇಳತೊಡಗಿದೆ. ಬದಿಯಡ್ಕದ ಕೃಷಿಕರೊಬ್ಬರದು ಮೊದಲು 15 ಮರ. ಆರು ವಾರದ ಮೇಲೆ ಕೇಳಿದರೆ, “ಸಾಲು ಮುಗಿದು ತೋಡು ಬಂತು, ಎಣಿಸುವುದನ್ನು ಬಿಟ್ಟೆ” ಎಂದರು. ಕಡತದಲ್ಲಿ ಹಾಗೆಯೇ ಬರೆದುಕೊಂಡೆ.