ನಿವೃತ್ತರೇ, ಬಡವರ ಮನೆ ಕಟ್ಟಲು ಹೀಗೆ ಕೈಜೋಡಿಸಿ

ಪುಣೆ ಸುತ್ತಿನ ಹಳ್ಳಿಗಳಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಬಯಲು ಪ್ರದೇಶಕ್ಕೆ ಯೋಜನೆ ನಿಗದಿ ಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. ಇಷ್ಟು ಬಿಗಿ ಲೆಕ್ಕದಲ್ಲಿ ನಾಲ್ಕು ಚೀಲ ಸಿಮೆಂಟ್ ಹಾಳಾದರೂ ಮನೆಯವರು ಸಾಲ ಮಾಡಬೇಕಾಗುತ್ತದೆ. ನಿವೃತ್ತರು ಇಲ್ಲಿ ಇಟ್ಟಿಗೆ ಹೊರುವುದು ಬೇಡ. ಅಳತೆ, ನೀರು, ಕಾಗದಪತ್ರ ನೋಡಿಕೊಂಡರೆ ಸಾಕು; ಅವಸರದಲ್ಲಿ ಎಲ್ಲರೂ ಮರೆಯುವುದು ಇವನ್ನೇ.

ವಯಸ್ಸು ಅಡ್ಡಿಯಲ್ಲ. 2006ರಲ್ಲಿ ಲೋಣಾವಳದ ಬಳಿ ಬಡವರಿಗೆ ಮನೆ ಕಟ್ಟುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಸ್ವಯಂಸೇವಕರೊಂದಿಗೆ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮನೆ ಕಟ್ಟಿದಾಗ ಅವರಿಗೆ 82. ಆದರೆ ಇಂಥ ಸಂಸ್ಥೆ ಸೇರುವ ಮೊದಲು ಅಪಘಾತ ವಿಮೆ ಇದೆಯೇ, ಸೈಟಿನ ಎಂಜಿನಿಯರ್ ಯಾರು ಎಂದು ಸಂಸ್ಥೆಯನ್ನು ಕೇಳಿ. ಬಿಪಿ, ಶುಗರ್ ತೋರಿಸಿಕೊಳ್ಳಿ. ಧನುರ್ವಾಯು ಚುಚ್ಚುಮದ್ದು ಪಡೆದು ಹತ್ತು ವರ್ಷವಾಗಿದ್ದರೆ ಮತ್ತೆ ಹಾಕಿಸಿ. ಹೆಲ್ಮೆಟ್, ಗಟ್ಟಿ ಬೂಟು, ರಬ್ಬರ್ ಕೈಗವಸು ಬೇಕೇ ಬೇಕು. ಬಟ್ಟೆಯ ಕೈಗವಸು ಹಸಿ ಸಿಮೆಂಟಿನ ನೀರು ಹೀರಿಕೊಂಡು ಚರ್ಮ ಸುಡುತ್ತದೆ.

ಸೈಟಿನಲ್ಲಿ ಮೊದಲು ನಿಲ್ಲಬೇಕಾದದ್ದು ಗಾರೆ ಕಲಸುವಲ್ಲಿ. ಒಂಬತ್ತಿಂಚು ಗೋಡೆಗೆ ಸಾಮಾನ್ಯವಾಗಿ 1:6, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಬಾಂಡ್ಲಿ ಎಣಿಸಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಂದು ಬಾಂಡ್ಲಿ ರಾಶಿ ತುಂಬಿರುತ್ತದೆ, ಇನ್ನೊಂದು ಅರ್ಧ. 40 ಸೆಂ.ಮೀ. ಉದ್ದ, 35 ಅಗಲ, 25 ಎತ್ತರದ ಫರ್ಮಾ (ಅಳತೆ ಪೆಟ್ಟಿಗೆ) ಮಾಡಿಸಿ. ಅದು 35 ಲೀಟರ್, 50 ಕೆ.ಜಿ. ಸಿಮೆಂಟ್ ಚೀಲದ ಗಾತ್ರಕ್ಕೆ ಸರಿಸಮ. ಚೀಲಕ್ಕೆ ಆರು ಫರ್ಮಾ, ಮೇಲೆ ಪಟ್ಟಿ ಎಳೆದು ಸಮ ಮಾಡಿ.

ಒದ್ದೆ ಮರಳು ಉಬ್ಬಿರುತ್ತದೆ ಎಂಬುದು ನೆನಪಿರಲಿ. ನೇರ ಗೋಡೆಯ ಗಾಜಿನ ಜಾಡಿಯಲ್ಲಿ 20 ಸೆಂ.ಮೀ. ಒದ್ದೆ ಮರಳು ತುಂಬಿ, ನೀರು ಸುರಿದು ಕಲಕಿ ಬಿಡಿ. ಅದು 16ಕ್ಕೆ ಇಳಿದರೆ ಉಬ್ಬು ಶೇ 25. ಆಗ ಆರರ ಬದಲು ಏಳೂವರೆ ಫರ್ಮಾ ಹಾಕಬೇಕು. ಇಲ್ಲದಿದ್ದರೆ ಸಿಮೆಂಟ್ ವ್ಯರ್ಥ.

ಮಣ್ಣಿನ ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆದು ನೀರು ಸೋರಲು ಬಿಡಿ. ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುತ್ತದೆ, ಸಂದು ಪುಡಿಯಾಗುತ್ತದೆ. ಮರುದಿನ ಮೊಳೆಯಿಂದ ಕೆರೆದು ನೋಡಿದರೆ ಗೊತ್ತಾಗುತ್ತದೆ. ಎಎಸಿ ಎಂಬ ಹಗುರ ಕಾಂಕ್ರೀಟ್ ಬ್ಲಾಕ್ ಮಾತ್ರ ನೆನೆಸಬಾರದು, ಮೇಲ್ಮೈ ಒದ್ದೆ ಮಾಡಿದರೆ ಸಾಕು.

ಇಟ್ಟಿಗೆಯ ನಾಲ್ಕು ವರಸೆಗೊಮ್ಮೆ ತೂಗುಗುಂಡು ಬಿಡಿಸಿ, ಗೋಡೆ ನೇರವಿದೆಯೇ ನೋಡಿ. ಮೂರು ಮೀಟರ್ ಎತ್ತರಕ್ಕೆ 6 ಮಿ.ಮೀ.ಗಿಂತ ಹೆಚ್ಚು ವಾಲಬಾರದು. ವಾಲಿದ್ದನ್ನು ಆಮೇಲೆ ಪ್ಲಾಸ್ಟರಿನಲ್ಲಿ ಮುಚ್ಚುತ್ತಾರೆ. ದಪ್ಪ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಪುಣೆಯ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಬಹಳ, ಕನ್ನಡ ಇಲ್ಲಿ ನಿಜವಾಗಿ ನೆರವಾಗುತ್ತದೆ. ಆದರೆ ಕೂಲಿಯವರ ಎದುರು ಗೋಡೆ ಕಟ್ಟುವ ಗೌಂಡಿಯ ತಪ್ಪು ಎತ್ತಿ ಆಡಬೇಡಿ. ‘ಗೌಂಡಿಯವರ, ಒಮ್ಮೆ ಗುಂಡು ಬಿಟ್ಟು ನೋಡೋಣ್ರೀ?’ ಎಂದರೆ ಅವರೇ ತಿದ್ದಿಕೊಳ್ಳುತ್ತಾರೆ. ಒಂದು ದಿನಕ್ಕೆ ಒಂದೂವರೆ ಮೀಟರಿಗಿಂತ ಎತ್ತರ ಏರಿಸಗೊಡಬೇಡಿ.

ಕ್ಯೂರಿಂಗ್, ಅಂದರೆ ಕಟ್ಟಿದ್ದಕ್ಕೆ ನೀರುಣಿಸುವುದು, ಪೂರ್ತಿಯಾಗಿ ನಿಮ್ಮ ಹೊಣೆ ಎಂದುಕೊಳ್ಳಿ. ಕಟ್ಟಿದ ತಾರೀಖನ್ನು ಚಾಕ್‌ನಿಂದ ಗೋಡೆಯ ಮೇಲೆಯೇ ಬರೆಯಿರಿ. ಗೋಡೆಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿನ ಸ್ಲ್ಯಾಬಿಗೆ 10 ದಿನ ಹಸಿ ಆರಬಾರದು. ಏಪ್ರಿಲ್-ಮೇ ಬಿಸಿಲಿಗೆ ಬೆಳಿಗ್ಗೆ-ಸಂಜೆ ನೀರು ಸಾಲದು, ಒದ್ದೆ ಗೋಣಿಚೀಲ ಹೊದಿಸಿ.

ಬ್ಯಾಂಕು, ಕಚೇರಿಗಳಲ್ಲಿ ದುಡಿದವರಿಗೆ ಹೇಳಿ ಮಾಡಿಸಿದ್ದು ಕಾಗದಪತ್ರದ ಕೆಲಸ. ಯೋಜನೆಯ ಹಣ ಕಂತುಗಳಲ್ಲಿ ಬರುತ್ತದೆ. ಪ್ರತಿ ಹಂತಕ್ಕೂ ಸ್ಥಳ ಗುರುತಿನ ಫೋಟೊ ಏರಿಸಬೇಕು. ತಳಪಾಯದ ಫೋಟೊ ತಡವಾದರೆ ಕಂತೂ ತಡ, ಅಷ್ಟರಲ್ಲಿ ಗೌಂಡಿ ಬೇರೆ ಸೈಟಿಗೆ ಹೋಗಿರುತ್ತಾನೆ. ಆಧಾರ್, ಪಾಸ್‌ಬುಕ್, ಜಾಗದ ಉತಾರೆ (ಹಕ್ಕು ದಾಖಲೆಯ ನಕಲು) ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೋಲಿಸಿ. ಒಂದರಲ್ಲಿ ಗಂಡನ ಮನೆಯ ಅಡ್ಡಹೆಸರು, ಇನ್ನೊಂದರಲ್ಲಿ ತವರಿನದು ಇದ್ದರೆ ಅಗೆತ ಶುರುವಾಗುವ ಮೊದಲೇ ತಿದ್ದಿಸಿ.